ಕೀಲಿನ ಕಡೆಯ ಗುರುತು

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಏಳು ವರ್ಷದ ಹುಡುಗಿಯ ಎತ್ತರ ನೂರ ಹದಿನೇಳು ಸೆಂಟಿಮೀಟರ್.

ಕುಟುಂಬ ನ್ಯಾಯಾಲಯದ ಒಂಬತ್ತನೇ ಕೋಣೆಯಲ್ಲಿ ಹುಡುಗಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಅವಳ ತಲೆಯ ಮೇಲೆ ರಟ್ಟಿನ ಫೈಲೊಂದನ್ನು ಸಮವಾಗಿ ಇಟ್ಟು, ಅದರ ಅಡಿಗೆ ಪೆನ್ಸಿಲ್ ಗೆರೆ ಎಳೆದು, ತನಿಖಾಧಿಕಾರಿ ಮೂರನೆಯ ಸಲ ಟೇಪು ಹಿಡಿದಳು. ಬೂಟು ಬಿಚ್ಚಿಸಿ ಒಮ್ಮೆ ಅಳೆದಾಗಿತ್ತು, ಕಾಲುಚೀಲವನ್ನೂ ಬಿಚ್ಚಿಸಿ ಇನ್ನೊಮ್ಮೆ. ಈಗ ಕೂದಲನ್ನು ಅಂಗೈಯಿಂದ ಒತ್ತಿ ನೋಡಿದರೂ ಅಂಕಿ ಅಲ್ಲಾಡಲಿಲ್ಲ.

"ನಾನು ಕುಳ್ಳಿನಾ?" ಎಂದಳು ಹುಡುಗಿ.

"ಇಲ್ಲ ಕಣೆ, ನೀನು ಸರಿಯಾಗೇ ಇದ್ದೀಯ. ಮಿಕ್ಕವರ್ದೇ ಲೆಕ್ಕ ತಪ್ಪಿರೋದು."

ಮನೆಯಲ್ಲಿ ಹುಡುಗಿಯನ್ನು ಗುಬ್ಬಿ ಎನ್ನುತ್ತಿದ್ದರು. ನ್ಯಾಯಾಲಯದ ಕಾಗದಗಳಲ್ಲಿ ಮಗುವಿನ ಹೆಸರು ಬರೆಯುವಂತಿಲ್ಲವಾದ್ದರಿಂದ ತನಿಖಾಧಿಕಾರಿಯೂ ಹಾಗೇ ಕರೆಯುತ್ತಿದ್ದಳು. ಗುಬ್ಬಿ ಬೂಟಿನ ದಾರ ಕಟ್ಟಿಕೊಳ್ಳುತ್ತಾ, ನಲವತ್ತನೇ ನಂಬರಿನ ಬಸ್ಸು ಈ ಕಟ್ಟಡದ ಮುಂದೆಯೇ ನಿಲ್ಲುತ್ತದೆಯೇ ಅಥವಾ ಸ್ವಲ್ಪ ನಡೆಯಬೇಕೇ ಎಂದು ಕೇಳಿದಳು. ಅಂಕಿಯ ಧ್ಯಾನದಲ್ಲಿದ್ದ ತನಿಖಾಧಿಕಾರಿ, ಮುಂದೆಯೇ ನಿಲ್ಲುತ್ತದೆ ಎಂದಳು. ಯಾಕೆ ಕೇಳುತ್ತಿದ್ದೀಯ ಎಂದು ಕೇಳಲಿಲ್ಲ. ಇಪ್ಪತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಕಾಣೆಯಾದವರನ್ನು ಹುಡುಕಿದವಳು, ಒಂಬತ್ತು ವರ್ಷದಿಂದ ಈ ನ್ಯಾಯಾಲಯಕ್ಕೆ ಮಕ್ಕಳ ವರದಿ ಬರೆಯುತ್ತಿದ್ದವಳು, ಬೆನ್ನ ಹಿಂದೆ ಎಲ್ಲರಿಂದ 'ಭೂತಗನ್ನಡಿ' ಎಂದು ಕರೆಸಿಕೊಳ್ಳುತ್ತಿದ್ದವಳು, ಆ ಪ್ರಶ್ನೆಯನ್ನು ಕೈಬಿಟ್ಟಳು.

ಮೇಜಿನ ಮೇಲೆ ಒಂದು ಫೋಟೋ ಇತ್ತು. ಗಡಿಯಾಚೆಯ ನೆರೆದೇಶದ ಮನೆಯೊಂದರ ಬಾಗಿಲ ಚೌಕಟ್ಟು. ಅದರ ಒಂದು ಕಂಬದ ಮೇಲೆ ಪೆನ್ಸಿಲಿನಿಂದ ಗೀಚಿದ ಅಡ್ಡಗೆರೆಗಳು, ಪ್ರತಿ ಗೆರೆಯ ಪಕ್ಕ ತಾರೀಖು. ಮೇಲಿನ ಗೆರೆಯ ತಾರೀಖು ಹನ್ನೊಂದು ತಿಂಗಳ ಹಿಂದಿನದು. ಗೆರೆಗಳ ಪಕ್ಕದಲ್ಲೇ, ನೆಲದಿಂದ ನೆಟ್ಟಗೆ ಎಳೆದು ಹಿಡಿದ ಉಕ್ಕಿನ ಟೇಪು. ಮೇಲಿನ ಗೆರೆ ನೂರ ಇಪ್ಪತ್ತೊಂದೂವರೆಗೆ ಕೂದಲೆಳೆಯಷ್ಟು ಕೆಳಗೆ.

ಗುಬ್ಬಿಯ ಅಪ್ಪ ಸಲ್ಲಿಸಿದ ಮುಖ್ಯ ಸಾಕ್ಷ್ಯ ಅದು. ಹನ್ನೊಂದು ತಿಂಗಳ ಹಿಂದೆ ಮಗಳು ತನ್ನ ಮನೆಯಲ್ಲೇ ಇದ್ದಳು, ಅವಳನ್ನು ನಿಲ್ಲಿಸಿ ತಾನೇ ಅಳೆದೆ ಎಂದು ಅವನು ಪ್ರಮಾಣ ಮಾಡಿ ಹೇಳಿದ್ದ.

ಅಂದರೆ ಮಗು ಹನ್ನೊಂದು ತಿಂಗಳಲ್ಲಿ ನಾಲ್ಕೂವರೆ ಸೆಂಟಿಮೀಟರ್ ಕುಗ್ಗಿತ್ತು.

ಈ ಮೊಕದ್ದಮೆ ನಿಂತಿದ್ದೇ ತಾರೀಖಿನ ಮೇಲೆ. ಒಬ್ಬ ಪೋಷಕರು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಮಗುವನ್ನು ಗಡಿ ದಾಟಿಸಿದರೆ, ಒಂದು ವರ್ಷದೊಳಗೆ ಅರ್ಜಿ ಬಿದ್ದರೆ ಮಗು ಹೆಚ್ಚು ಮಾತಿಲ್ಲದೆ ವಾಪಸ್ ಹೋಗಬೇಕು. ವರ್ಷ ದಾಟಿದ್ದರೆ, ಮಗು ಹೊಸ ಜಾಗದಲ್ಲಿ ನೆಲೆಯೂರಿದೆಯೇ, ಅದರ ಹಿತ ಎಲ್ಲಿದೆ ಎಂದು ನ್ಯಾಯಾಧೀಶರು ನೋಡಬೇಕು. ಅಪ್ಪನ ಅರ್ಜಿ ಬಿದ್ದು ಎರಡು ತಿಂಗಳಾಗಿತ್ತು. ಮಗುವನ್ನು ಕರೆತಂದು ಹದಿನೈದು ತಿಂಗಳಾಯಿತು ಎನ್ನುತ್ತಿದ್ದಳು ಅಮ್ಮ. ಹತ್ತೇ ತಿಂಗಳು ಎನ್ನುತ್ತಿದ್ದ ಅಪ್ಪ. ಶಾಲೆಯ ದಾಖಲಾತಿ ಹತ್ತು ತಿಂಗಳ ಹಿಂದಿನದು. ಅದಕ್ಕೂ ಮೊದಲಿನ ಐದು ತಿಂಗಳು ಮಗು ಬಾಡಿಗೆ ಮನೆಯೊಳಗೇ ಇತ್ತು ಎನ್ನುವುದಕ್ಕೆ ಅಮ್ಮನ ಬಾಯಿಮಾತು ಬಿಟ್ಟರೆ ಬೇರೇನಿಲ್ಲ.

ವರದಿ ಸಂಜೆ ನಾಲ್ಕಕ್ಕೆ ನ್ಯಾಯಾಧೀಶರ ಮೇಜಿನ ಮೇಲಿರಬೇಕಿತ್ತು.

ಅಳತೆಯನ್ನು ದಾಖಲಿಸಿಕೊಳ್ಳಿ ಎಂದು ತನಿಖಾಧಿಕಾರಿ ಶಿರಸ್ತೇದಾರನ ಬಳಿಗೆ ಹೋದಳು. ಶಿರಸ್ತೇದಾರ ನಮೂನೆಯ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಮಗುವಿನ ಎತ್ತರಕ್ಕೆ ಕಾಲಂ ಇಲ್ಲ ಎಂದ. 'ಇತರೆ' ಎಂಬಲ್ಲಿ ಬರೆಯಿರಿ ಎಂದರೆ, 'ಇತರೆ'ಯಲ್ಲಿ ಕಾಯಿಲೆ ಕಸಾಲೆ ಮಾತ್ರ ಬರೆಯಬೇಕೆಂದು ಸುತ್ತೋಲೆ ಬಂದಿದೆ ಎಂದ. ಟೇಪು ಯಾರದ್ದು, ಅದನ್ನು ತೂಕ ಮತ್ತು ಅಳತೆಯವರು ಪರೀಕ್ಷಿಸಿದ್ದಾರೆಯೇ ಎಂದೂ ಕೇಳಿದ.

"ನನ್ನ ಹೊಲಿಗೆ ಪೆಟ್ಟಿಗೆಯಿಂದ ತಂದಿದ್ದು," ಎಂದಳು ಆಕೆ.

"ಹಾಗಾದ್ರೆ ಅದು ಖಾಸಗಿ ಟೇಪು ಮೇಡಂ. ಖಾಸಗಿ ಟೇಪಿನಿಂದ ಸರ್ಕಾರಿ ಎತ್ತರ ಹೇಗೆ ಬರುತ್ತೆ?"

ಅವನು ತಮಾಷೆ ಮಾಡುತ್ತಿರಲಿಲ್ಲ. ಅವನ ತಲೆಯ ಮೇಲಿನ ಗೋಡೆಯಲ್ಲಿ 'ಮಗುವಿನ ಹಿತವೇ ಮೊದಲು' ಎಂಬ ಫಲಕ ತೂಗುಹಾಕಿತ್ತು. ಮೊಳೆ ಸಡಿಲವಾಗಿ ಅದು ಒಂದು ಕಡೆ ವಾಲಿತ್ತು. ಎರಡು ವರ್ಷದಿಂದ ವಾಲಿಯೇ ಇತ್ತು.

*

ಗಡಿ ದಾಟಿದ ತಾರೀಖಿಗೆ ಸರ್ಕಾರಿ ದಾಖಲೆ ಇರಲೇಬೇಕಲ್ಲ ಎಂದು ಆಕೆ ಹತ್ತು ಗಂಟೆಗೆ ರಸ್ತೆ ದಾಟಿ ನಿವಾಸ ಇಲಾಖೆಗೆ ಹೋದಳು.

ನಾಲ್ಕನೇ ಕಿಟಕಿಯಲ್ಲಿ ಹನ್ನೊಂದಕ್ಕೆ ಹೋಗಿ ಎಂದರು. ಹನ್ನೊಂದರಲ್ಲಿ, ಮಕ್ಕಳಿಗೆ ಪ್ರತ್ಯೇಕ ಕಡತ ಇರುವುದಿಲ್ಲ, ಮಗು ಅಮ್ಮನ ಕಡತದಲ್ಲಿ ಒಂದು ಸಾಲು ಮಾತ್ರ, ಅಮ್ಮನ ಕಡತ ನಾಲ್ಕನೇ ಕಿಟಕಿಯಲ್ಲಿದೆ ಎಂದರು. ನಾಲ್ಕರವನು ಈಗ ಚಹಾಕ್ಕೆ ಹೋಗಿದ್ದ. ಆಕೆ ಬೆಂಚಿನ ಮೇಲೆ ಕೂತು, ಬಣ್ಣ ಹೋದ ಕುರ್ಚಿಗಳನ್ನು ಎಣಿಸಿದಳು. ಇಪ್ಪತ್ತಾರು. ಎದ್ದು ಹೋಗಿ, ಚಹಾದ ಲೋಟ ಹಿಡಿದವನನ್ನು ಮೆಟ್ಟಿಲ ಬಳಿಯೇ ಹಿಡಿದು ಕರೆತಂದಳು.

ಕಡತ ಸಿಕ್ಕಿತು. ಅಮ್ಮ ಹದಿನೈದು ತಿಂಗಳ ಹಿಂದೆ ಒಮ್ಮೆ ಒಳಗೆ ಬಂದಿದ್ದಳು. ಹತ್ತು ತಿಂಗಳ ಹಿಂದೆ ನಾಲ್ಕು ದಿನಕ್ಕೆ ಆಚೆ ಹೋಗಿ, ಮತ್ತೆ ಬಂದಿದ್ದಳು. ಮಗುವಿನ ಸಾಲಿನಲ್ಲಿ 'ತಾಯಿಯ ಜೊತೆ' ಎಂದಿತ್ತು. ಯಾವ ಸಲ ಎಂದಿರಲಿಲ್ಲ.

"ಮಗು ಯಾವತ್ತು ಬಂತು ಅಂತ ನೀವು ಬರೆಯೋದೇ ಇಲ್ವಾ?"

"ತಾಯಿಯ ಜೊತೆ ಅಂತ ಬರೆದಿದೀವಲ್ಲ ಮೇಡಂ," ಎಂದ ಅವನು, ಅದಕ್ಕಿಂತ ಸ್ಪಷ್ಟವಾಗಿ ಬರೆಯಲು ಸಾಧ್ಯವೇ ಇಲ್ಲವೆಂಬಂತೆ.

ಆಕೆ ಹಾಳೆಗಳನ್ನು ಮುಚ್ಚಲು ಹೋದವಳು ಒಂದರ ಮೇಲೆ ಬೆರಳು ನಿಲ್ಲಿಸಿದಳು. ಅಮ್ಮ ನಿವಾಸ ಪರವಾನಗಿಗೆ ಹಾಕಿದ ಅರ್ಜಿ. 'ಅವಲಂಬಿತ ಮಕ್ಕಳು' ಎಂಬ ಕಡೆ ಮೊದಲು ಎರಡು ಎಂದು ಬರೆದು, ಹೊಡೆದುಹಾಕಿ, ಒಂದು ಎಂದು ಮಾಡಲಾಗಿತ್ತು. ಪಕ್ಕದಲ್ಲಿ ಚಿಕ್ಕ ಸಹಿ. ನಾಲ್ಕರವನು ಬಗ್ಗಿ ನೋಡಿ, ಕೈತಪ್ಪು, ದಿನಕ್ಕೆ ಹತ್ತು ಜನ ಹೀಗೆ ಗೀಚುತ್ತಾರೆ ಎಂದ.

ಇರಬಹುದು. ಆದರೆ ಗುಬ್ಬಿಯ ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಹನ್ನೆರಡು ವರ್ಷದಿಂದ ಔಷಧದ ಪ್ರಮಾಣ ಬರೆಯುತ್ತಿದ್ದವಳು. ಒಂದು ಬರೆಯುವಲ್ಲಿ ಎರಡು ಬರೆಯುವ ಕೈ ಅದಲ್ಲ.

*

ಮಧ್ಯಾಹ್ನ ಒಂದೂವರೆಗೆ ಅಪ್ಪ ಅಮ್ಮ ಇಬ್ಬರನ್ನೂ ಒಂಬತ್ತನೇ ಕೋಣೆಗೆ ಕರೆಸಿದಳು. ಗುಬ್ಬಿಯನ್ನು ಪಕ್ಕದ ಆಟದ ಕೋಣೆಯಲ್ಲಿ ಕೂರಿಸಿದ್ದರು. ವಕೀಲರು ಬೇಡವೆಂದು ಹೇಳುವ ಅಧಿಕಾರ ಆಕೆಗಿತ್ತು. ಎರಡು ಕಡೆಯ ವಕೀಲರೂ ಮೂಗು ಮುರಿದು ಊಟಕ್ಕೆ ಹೋದರು.

ಅಪ್ಪ ಬಡಗಿ. ಬಾಗಿಲು ಕಿಟಕಿಯ ಚೌಕಟ್ಟು ಮಾಡುವವನು. ಕೋಣೆಗೆ ಕಾಲಿಟ್ಟವನು ಕುರ್ಚಿಗೆ ಹೋಗದೆ ಬಾಗಿಲನ್ನು ಒಮ್ಮೆ ಮುಚ್ಚಿ ತೆರೆದು, ಕೆಳಗಿನ ಕೀಲು ಸವೆದಿದೆ ಎಂದು ಗೊಣಗಿ, ಆಮೇಲೆ ಕೂತ. ನರ್ಸ್ ಅವನಿಂದ ಎರಡು ಕುರ್ಚಿ ಬಿಟ್ಟು ಕೂತಳು. ಎರಡು ತಿಂಗಳಲ್ಲಿ ಆರು ಸಲ ಒಂದೇ ಕೋಣೆಯಲ್ಲಿ ಕೂತಿದ್ದರೂ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದನ್ನು ಆಕೆ ಕಂಡಿರಲಿಲ್ಲ.

ಆಕೆ ಫೋಟೋವನ್ನು ಮೇಜಿನ ನಡುವೆ ಇಟ್ಟಳು. ಇದನ್ನು ತೆಗೆದವರು ಯಾರು ಎಂದು ಕೇಳಿದಳು. ತಾನೇ ಎಂದ ಬಡಗಿ. ಟೇಪು ಹಿಡಿಯಲು ಯಾರು ಹೇಳಿದರು ಎಂದಳು.

"ಯಾರೂ ಹೇಳಲಿಲ್ಲ. ಚೌಕಟ್ಟಿನ ಫೋಟೋ ತೆಗೆಯೋವಾಗ ಪಕ್ಕದಲ್ಲಿ ಟೇಪು ಹಿಡೀಲೇಬೇಕು. ಗಿರಾಕಿಗೆ ಕಳಿಸೋವಾಗ ಅಳತೆ ಕಾಣಬೇಕಲ್ಲ. ಕೈ ತಾನಾಗೇ ಹೋಗುತ್ತೆ."

"ನಿಮ್ಮ ಕೈ ಹೋಗದೆ ಇದ್ದಿದ್ರೆ ನಿಮ್ಮ ಕೇಸು ಗೆಲ್ಲೋದು ಸುಲಭ ಇತ್ತು," ಎಂದಳು ತನಿಖಾಧಿಕಾರಿ. ಬೆಳಗಿನ ಅಳತೆಯ ಚೀಟಿಯನ್ನು ಫೋಟೋದ ಪಕ್ಕಕ್ಕೆ ಸರಿಸಿದಳು.

ಅವನು ಚೀಟಿ ನೋಡಿದ. ಅಂಕಿ ಅವನಿಗೆ ಅರ್ಥವಾಗಲು ಒಂದು ಕ್ಷಣವೂ ಬೇಕಾಗಲಿಲ್ಲ. ಅಂಕಿಗಳೇ ಅವನ ಕಸುಬು. ಕಿವಿಯ ತುದಿ ಕೆಂಪಾಯಿತು.

ಈಗ ನರ್ಸ್ ಹಿಗ್ಗಬೇಕಿತ್ತು. ಗಂಡನ ಸಾಕ್ಷ್ಯ ಸುಳ್ಳಾಗಿತ್ತು, ಹದಿನೈದು ತಿಂಗಳೆಂದ ಅವಳ ಮಾತು ಗೆದ್ದಿತ್ತು. ತನಿಖಾಧಿಕಾರಿ ಅವಳ ಮುಖದಲ್ಲಿ ಆ ಹಿಗ್ಗನ್ನು ಹುಡುಕಿದಳು. ನರ್ಸ್ ಮುಂದಕ್ಕೆ ಬಾಗಿ, ಗಂಟಲು ಸರಿಮಾಡಿಕೊಂಡು, ಹೇಳಿದ್ದು ಇಷ್ಟು:

"ಚಪ್ಪಲಿ ಹಾಕಿಸಿ ಅಳೆದಿರಬಹುದು ಮೇಡಂ."

ತನಿಖಾಧಿಕಾರಿ ಪೆನ್ನನ್ನು ಮೇಜಿನ ಮೇಲಿಟ್ಟಳು.

"ಏನಂದ್ರಿ?"

"ಚಪ್ಪಲಿ. ಅವಳು ಹಟಮಾರಿ, ಬಿಚ್ಚೋದಿಲ್ಲ."

"ಹೋದ ವರ್ಷ ಈ ಮಗು ನೂರ ಹನ್ನೆರಡಕ್ಕಿಂತ ಹೆಚ್ಚಿರೋಕೆ ಸಾಧ್ಯವಿಲ್ಲ. ಗೆರೆ ನೂರ ಇಪ್ಪತ್ತೊಂದರ ಮೇಲಿದೆ. ಆರು ವರ್ಷದ ಮಗುವಿಗೆ ಒಂಬತ್ತು ಸೆಂಟಿಮೀಟರ್ ಅಟ್ಟೆಯ ಚಪ್ಪಲಿ ಯಾವ ಅಂಗಡೀಲಿ ಸಿಗುತ್ತೆ ಅಂತ ಹೇಳಿ, ನಾನೂ ಒಂದು ಜೊತೆ ತಗೋತೀನಿ."

ಆಗ ಬಡಗಿ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವಳೂ ನೋಡಿದಳು. ಇಬ್ಬರು ಜಗಳಗಂಟರು ಒಟ್ಟಿಗೆ ಒಂದೇ ಬಾಗಿಲಿಗೆ ಒತ್ತುಕೊಟ್ಟು ನಿಂತಂತಿತ್ತು ಆ ನೋಟ.

ತನಿಖಾಧಿಕಾರಿಗೆ ರೇಗಿತು. ಇಡೀ ಬೆಳಿಗ್ಗೆ ಕಿಟಕಿಯಿಂದ ಕಿಟಕಿಗೆ ಅಲೆದಿದ್ದ ರೇಗಾಟವೂ ಅದಕ್ಕೆ ಸೇರಿಕೊಂಡಿತು. ಆಕೆ ದನಿ ಏರಿಸಲಿಲ್ಲ. ಅರ್ಜಿಯ ಆ ಹಾಳೆಯ ನಕಲನ್ನು ತೆಗೆದು, ಎರಡನ್ನು ಹೊಡೆದು ಒಂದು ಮಾಡಿದ ಜಾಗಕ್ಕೆ ಬೆರಳಿಟ್ಟು, ನರ್ಸಿನ ಮುಂದೆ ಹಿಡಿದಳು. ಆಮೇಲೆ ಬಡಗಿಯ ಕಡೆ ತಿರುಗಿದಳು.

"ನಿಮ್ಮ ಅಳತೆ ತಪ್ಪಲ್ಲ. ಟೇಪು ನೆಟ್ಟಗಿದೆ, ಗೆರೆ ನೇರವಾಗಿದೆ, ತಾರೀಖಿನ ಬರಹ ಮಾಸಿದೆ. ಅಂದ್ರೆ ಆವತ್ತು ಅಲ್ಲಿ ಒಂದು ಮಗು ನಿಂತಿತ್ತು. ಅದು ಗುಬ್ಬಿ ಅಲ್ಲ. ಯಾರು?"

ಉತ್ತರ ಬಂದದ್ದು ಬಾಗಿಲ ಕಡೆಯಿಂದ. ಆಟದ ಕೋಣೆಯಿಂದ ಗುಬ್ಬಿ ನೀರು ಕೇಳಲು ಬಂದು ನಿಂತಿದ್ದಳು. ಮೇಜಿನ ಮೇಲಿನ ಫೋಟೋ ಅವಳ ಕಣ್ಣಿಗೆ ಬಿತ್ತು.

"ಅದು ನನ್ನ ಕಡೆಯಲ್ಲ. ಕೀಲಿನ ಕಡೆ ಅಕ್ಕಂದು. ನಂದು ಚಿಲಕದ ಕಡೆ," ಎಂದಳು. ಎಂದವಳೇ ಅಮ್ಮನ ಮುಖ ನೋಡಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ತನಿಖಾಧಿಕಾರಿ ಫೋಟೋವನ್ನು ಬೆಳಕಿಗೆ ಹಿಡಿದಳು. ಕಂಬದ ಅಂಚಿನಲ್ಲಿ, ಟೇಪಿನ ಹಿಂದೆ, ಹಿತ್ತಾಳೆಯ ಕೀಲಿನ ತುದಿ ಕಾಣುತ್ತಿತ್ತು. ಬೆಳಗಿನಿಂದ ಆಕೆ ಅದನ್ನು ಹತ್ತು ಸಲ ನೋಡಿದ್ದಳು.

*

ಗುಬ್ಬಿಗೆ ನೀರು ಕೊಟ್ಟು ಆಟದ ಕೋಣೆಗೆ ಕಳಿಸಿದ ಮೇಲೆ ಇಬ್ಬರೂ ಹೇಳಿದರು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ತುಂಬುತ್ತಾ ಹೇಳಿದರು. ಗಂಡಹೆಂಡತಿಯಾಗಿ ಅವರು ಹೇಗೆ ಮಾತಾಡುತ್ತಿದ್ದರು ಎಂಬುದು ಆಕೆಗೆ ಆಗ ತಿಳಿಯಿತು.

ದೊಡ್ಡವಳಿಗೆ ಈಗ ಒಂಬತ್ತು ವರ್ಷ. ಅವಳು ನರ್ಸಿನ ಅಕ್ಕನ ಮಗಳು. ಆ ಅಕ್ಕ ಬೇರೊಂದು ದೇಶಕ್ಕೆ ಕೆಲಸಕ್ಕೆ ಹೋಗಿದ್ದಳು. ಮಗುವಿಗೆ ಎರಡು ವರ್ಷವಿದ್ದಾಗ ತೀರಿಕೊಂಡಳು. ಬಡಗಿಯೇ ಹೋಗಿ ಆ ಸುದ್ದಿಯನ್ನೂ ಮಗುವನ್ನೂ ತಂದ. ನರ್ಸಿಗೆ ಆಗ ಗುಬ್ಬಿ ಹುಟ್ಟಿ ಹದಿನೈದು ದಿನ. ಅವಳು ಹೋಗುವ ಸ್ಥಿತಿಯಲ್ಲಿರಲಿಲ್ಲ. ದತ್ತು ಪತ್ರ ಮಾಡಿಸಲಿಲ್ಲ. ಇವತ್ತು ಮಾಡಿಸೋಣ ನಾಳೆ ಮಾಡಿಸೋಣ ಎನ್ನುವಷ್ಟರಲ್ಲಿ ಕಾನೂನು ಬಿಗಿಯಾಯಿತು, ಆಮೇಲೆ ಕೇಳಲು ಹೋದರೆ ಮಗುವನ್ನೇ ಕಿತ್ತುಕೊಂಡಾರೆಂಬ ಭಯ ಹತ್ತಿತು.

"ಆ ಮಗುವಿಗೆ ಯಾವ ದೇಶದಲ್ಲೂ ಒಂದು ಚೀಟಿ ಇಲ್ಲ," ಎಂದ ಬಡಗಿ. "ಜನನ ಪತ್ರ ಇಲ್ಲ, ಏನೂ ಇಲ್ಲ. ನೀವು ಬರೆದ್ರೆ ನಾಳೆನೇ ಅವಳನ್ನ ಎತ್ಕೊಂಡು ಹೋಗ್ತಾರೆ. ಎಲ್ಲಿಗೆ ಕಳಿಸೋದು ಅಂತ ಅವರಿಗೂ ಗೊತ್ತಿರಲ್ಲ."

ನರ್ಸ್ ಮನೆ ಬಿಟ್ಟು ಬಂದಾಗ ಚೀಟಿಯಿಲ್ಲದ ಮಗುವನ್ನು ಗಡಿ ದಾಟಿಸಲಾಗಲಿಲ್ಲ. ತನಗೆ ನಿವಾಸ ಪರವಾನಗಿ ಸಿಕ್ಕರೆ ಹೇಗಾದರೂ ಅವಳನ್ನೂ ಕರೆಸಿಕೊಳ್ಳಬಹುದು ಎಂದು ಗುಬ್ಬಿಯನ್ನು ಮಾತ್ರ ತಂದಳು. ಹತ್ತು ತಿಂಗಳ ಹಿಂದೆ ನಾಲ್ಕು ದಿನ ಹೋಗಿದ್ದು ದೊಡ್ಡವಳಿಗೆ ಜ್ವರ ಬಂದಿದ್ದಾಗ. ಬಡಗಿ ಅರ್ಜಿ ಹಾಕಿದ್ದೂ ದೊಡ್ಡವಳಿಗಾಗಿಯೇ. ಅವಳು ಮಾತು ಬಿಟ್ಟಿದ್ದಳು. ಶಾಲೆಗೆ ಹೋಗಿ ಬಂದು, ಚಿಲಕದ ಕಡೆಯ ಕಂಬಕ್ಕೆ ಒರಗಿ ಕೂರುತ್ತಿದ್ದಳು. ತಂಗಿಯನ್ನು ತಂದುಕೊಡು ಎಂಬುದೊಂದೇ ಅವಳ ಬಾಯಲ್ಲಿ ಬರುತ್ತಿದ್ದ ಮಾತು.

ತನಿಖಾಧಿಕಾರಿ ತನ್ನ ಮುಂದಿದ್ದ ಎರಡು ದಪ್ಪ ಕಟ್ಟುಗಳನ್ನು ನೋಡಿದಳು. ಒಂದು ಅಪ್ಪನ ಕಡೆಯದು, ಇನ್ನೊಂದು ಅಮ್ಮನ ಕಡೆಯದು. ಎರಡೂ ಸೇರಿ ಮುನ್ನೂರ ಹತ್ತು ಪುಟ.

"ಮಗುವಿನ ಹಿತ, ಮಗುವಿನ ಹಿತ ಅಂತ ಪುಟಕ್ಕೆ ನಾಲ್ಕು ಸಲ ಬರೆಸಿದೀರಿ. 'ಮಗುವಿನ ಜೊತೆ ಬೆಳೆದ ಇತರ ಮಕ್ಕಳು' ಅಂತ ನಮೂನೇಲಿ ಒಂದು ಕಾಲಂ ಇದೆ. ಈ ದರಿದ್ರ ನಮೂನೇಲಿ ಕೆಲಸಕ್ಕೆ ಬರೋದು ಅದೊಂದೇ. ಅಲ್ಲಿ ಇಬ್ಬರೂ 'ಇಲ್ಲ' ಅಂತ ಬರೆದಿದೀರಿ. ಬೇರೆ ಯಾವುದಕ್ಕೂ ಒಪ್ಪದವರು ಇದೊಂದಕ್ಕೆ ಒಪ್ಪಿದಿರಾ?"

ದೊಡ್ಡವಳು ಈಗ ಯಾರ ಜೊತೆ ಇದ್ದಾಳೆ ಎಂದು ಆಕೆ ಕೇಳಿದಳು. ಪಕ್ಕದ ಮನೆಯ ಅಜ್ಜಿಯ ಜೊತೆ ಎಂದ ಬಡಗಿ. ಮೂರು ದಿನದ ಮಟ್ಟಿಗೆ.

ಗಂಟೆ ಎರಡೂ ಇಪ್ಪತ್ತು.

ದಾರಿ ಎರಡೇ ಇತ್ತು. ಅಕ್ಕ ಇದ್ದಾಳೆಂದು ಬರೆದರೆ ಚೀಟಿಯಿಲ್ಲದ ಮಗು ಎರಡು ದೇಶಗಳ ಇಲಾಖೆಗಳ ಬಾಯಿಗೆ ಬೀಳುತ್ತಿತ್ತು. ಬರೆಯದಿದ್ದರೆ ನ್ಯಾಯಾಧೀಶರು ಒಂದೇ ಮಗುವಿದೆ ಎಂದುಕೊಂಡು ತೀರ್ಪು ಕೊಡುತ್ತಿದ್ದರು, ಅದು ಯಾರ ಕಡೆಗಾದರೂ ಸರಿ, ಇಬ್ಬರು ಮಕ್ಕಳ ನಡುವೆ ಗಡಿಯನ್ನು ಕಾಯಂ ಮಾಡಿಬಿಡುತ್ತಿತ್ತು.

ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಮಾತ್ರ ಕೊಡೋಣ, ಅವರು ಮೊದಲು ದೊಡ್ಡವಳಿಗೊಬ್ಬ ವಕೀಲರನ್ನು ನೇಮಿಸಲಿ, ಆಮೇಲೆ ಇಲಾಖೆಗೆ ತಿಳಿಯಲಿ ಎಂದು ಆಕೆ ನಿರ್ಧರಿಸಿದಳು. ಒಂದೂವರೆ ಪುಟ ಬರೆದಳು. ಲಕೋಟೆಗೆ ಅಂಟು ಹಚ್ಚಿ ಶಿರಸ್ತೇದಾರನ ಬಳಿ ಹೋದಳು.

ಶಿರಸ್ತೇದಾರ ಅದನ್ನು ಕೈಗೆ ತೆಗೆದುಕೊಂಡವನೇ ಒಡೆಯಲು ಹೋದ. ಆಕೆ ಅವನ ಮಣಿಕಟ್ಟು ಹಿಡಿದಳು. ಗಡಿಯಾಚೆಯ ಮೊಕದ್ದಮೆಗಳಲ್ಲಿ ಪ್ರತಿ ಕಾಗದದ ನಕಲೂ ಅದೇ ದಿನ ನಿವಾಸ ಇಲಾಖೆಗೆ ಹೋಗಬೇಕೆಂದು ಹೋದ ತಿಂಗಳು ಸುತ್ತೋಲೆ ಬಂದಿದೆ ಎಂದು ಅವನು ವಿವರಿಸಿದ. ಮುಚ್ಚಿದ ಲಕೋಟೆಯದ್ದೂ ಹೋಗಬೇಕೇ ಎಂದು ಕೇಳಿದ್ದಕ್ಕೆ, ಮುಚ್ಚಿದ ಲಕೋಟೆಯನ್ನು ತೆರೆದು ನಕಲು ಮಾಡಿ ಮತ್ತೆ ಮುಚ್ಚಬೇಕು, ಅದಕ್ಕೆಂದೇ ಬೇರೆ ಅಂಟು ಕೊಟ್ಟಿದ್ದಾರೆ ಎಂದು ಡ್ರಾಯರ್ ಎಳೆದು ತೋರಿಸಿದ.

ಆಕೆ ಲಕೋಟೆಯನ್ನು ವಾಪಸ್ ಕಸಿದುಕೊಂಡು ಚೀಲಕ್ಕೆ ತುರುಕಿದಳು.

ಆಗ ಅವನ ಮೇಜಿನ ಫೋನು ರಿಂಗಾಯಿತು. ಮೂರು ಗಂಟೆ ಐದು ನಿಮಿಷ. ಅವನು ಕೇಳಿಸಿಕೊಂಡು, ರಿಸೀವರಿನ ಬಾಯಿ ಮುಚ್ಚಿ, ಗಡಿ ತನಿಖಾ ಠಾಣೆಯವರು, ಏನೋ ತಲೆಬುಡ ಇಲ್ಲದ್ದು ಕೇಳುತ್ತಿದ್ದಾರೆ ಎಂದ. ಆಕೆ ರಿಸೀವರ್ ತೆಗೆದುಕೊಂಡಳು.

ನಲವತ್ತನೇ ನಂಬರಿನ ಬಸ್ಸಿನಲ್ಲಿ ಒಬ್ಬ ಹುಡುಗಿ ಬಂದಿದ್ದಾಳೆ, ಜೊತೆಗೆ ದೊಡ್ಡವರು ಯಾರೂ ಇಲ್ಲ, ಕಾಗದಪತ್ರ ಇಲ್ಲ, ಕೈಯಲ್ಲಿ ಒಂದು ಚೀಟಿ ಇದೆ, ಅದರಲ್ಲಿ ಕುಟುಂಬ ನ್ಯಾಯಾಲಯ ಒಂಬತ್ತನೇ ಕೋಣೆ ಎಂದು ಬರೆದಿದೆ ಎಂದಿತು ಅತ್ತಣ ದನಿ. ಈ ಹುಡುಗಿ ನಿಮ್ಮ ಕಡೆಯವಳೇ?

ನಲವತ್ತನೇ ನಂಬರಿನ ಬಸ್ಸು. ಬೆಳಗಿನ ಆ ಪ್ರಶ್ನೆ ಆಕೆಗೆ ಈಗ ಕೇಳಿಸಿತು, ಆರು ಗಂಟೆ ತಡವಾಗಿ.

ಹೌದೆಂದರೂ ತಪ್ಪು, ಇಲ್ಲವೆಂದರೂ ತಪ್ಪು. ಆಕೆ ಎರಡನ್ನೂ ಹೇಳಲಿಲ್ಲ.

"ಅಲ್ಲಿ ಗೋಡೆ ಮೇಲೆ ಎತ್ತರದ ಪಟ್ಟಿ ಇದೆಯಾ?"

"ಇದೆ."

"ಬೂಟು ಬಿಚ್ಚಿಸಿ ನಿಲ್ಲಿಸಿ. ಎಷ್ಟು ಹೇಳಿ."

ಅತ್ತ ಕುರ್ಚಿ ಸರಿದ ಸದ್ದಾಯಿತು. ಯಾರೋ ಯಾರಿಗೋ ನೇರವಾಗಿ ನಿಲ್ಲಮ್ಮ ಎಂದದ್ದು ಕೇಳಿಸಿತು.

"ನೂರ ಇಪ್ಪತ್ತೇಳು."

ಹನ್ನೊಂದು ತಿಂಗಳಿಗೆ ಐದೂವರೆ ಸೆಂಟಿಮೀಟರ್. ಕೀಲಿನ ಕಡೆಯ ಮಗು ಸರಿಯಾಗಿಯೇ ಬೆಳೆದಿತ್ತು.

"ಅವಳನ್ನ ಅಲ್ಲೇ ಕೂರಿಸಿಕೊಳ್ಳಿ. ಯಾರ ಕೈಗೂ ಕೊಡಬೇಡಿ. ನಿವಾಸ ಇಲಾಖೆಯವರಿಗೂ ಕೊಡಬೇಡಿ. ನಾನೇ ಬರ್ತಾ ಇದೀನಿ," ಎಂದು ಆಕೆ ಫೋನಿಟ್ಟಳು. ನಾಲ್ಕು ಗಂಟೆಯ ವರದಿಯ ಗತಿಯೇನು ಎಂದ ಶಿರಸ್ತೇದಾರ. ಬರಲಿಲ್ಲ ಎಂದು ಬರೆದುಕೊಳ್ಳಿ ಎಂದಳು. ಒಂಬತ್ತು ವರ್ಷದಲ್ಲಿ ಆಕೆ ಆ ಮಾತು ಹೇಳಿದ್ದು ಅದೇ ಮೊದಲು. ವರದಿ ಬರಲಿಲ್ಲ ಎನ್ನುವುದಕ್ಕೂ ಒಂದು ನಮೂನೆಯಿದೆ ಎಂದು ಅವನು ಕೂಗಿ ಹೇಳುವಾಗ ಆಕೆ ಮೆಟ್ಟಿಲಿಳಿಯುತ್ತಿದ್ದಳು.

*

ಗಡಿಗೆ ಐವತ್ತು ನಿಮಿಷದ ದಾರಿ. ಹಿಂದಿನ ಸೀಟಿನಲ್ಲಿ ಗುಬ್ಬಿ ನಡುವೆ, ಅವಳ ಆಚೆ ಈಚೆ ಅಪ್ಪ ಅಮ್ಮ.

ಗುಬ್ಬಿ ಎಲ್ಲವನ್ನೂ ಒಪ್ಪಿಕೊಂಡಳು. ಅಮ್ಮ ಡ್ಯೂಟಿಗೆ ಹೋದಾಗ ಮನೆಯ ಫೋನಿನಿಂದ ಅಕ್ಕನ ಜೊತೆ ಮಾತಾಡುತ್ತಿದ್ದಳು. ಅಪ್ಪನೂ ಅಮ್ಮನೂ ಜಡ್ಜೂ ಇವತ್ತು ಒಂದೇ ಕಡೆ ಸಿಗುತ್ತಾರೆ, ನೀನೂ ಬಂದುಬಿಡು, ಆಗ ಯಾರಿಗೂ ಇಲ್ಲ ಎನ್ನಲು ಆಗುವುದಿಲ್ಲ ಎಂದು ಹೇಳಿದ್ದಳು. ಬಸ್ಸಿನ ನಂಬರು ಹೇಳಿದ್ದೂ ಅವಳೇ.

"ಎರಡು ತಿಂಗಳಿಂದ ಇಬ್ಬರು ವಕೀಲರು, ಒಬ್ಬರು ನ್ಯಾಯಾಧೀಶರು, ನಾನು," ಎಂದಳು ತನಿಖಾಧಿಕಾರಿ ಕನ್ನಡಿಯಲ್ಲಿ ಅವಳನ್ನು ನೋಡುತ್ತಾ. "ಇಷ್ಟು ಜನಕ್ಕೆ ಹೊಳೀಲಿಲ್ಲ ನೋಡು."

"ನೀವು ಯಾರೂ ನನ್ನ ಕೇಳಲಿಲ್ಲ," ಎಂದಳು ಗುಬ್ಬಿ.

ನರ್ಸ್ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಅವಳ ಭುಜದ ಮೇಲೆ, ಗುಬ್ಬಿಯ ತಲೆಯ ಹಿಂದಿನಿಂದ ಬಂದು, ಬಡಗಿಯ ಕೈ ಇತ್ತು. ಅವಳು ಅದನ್ನು ಸರಿಸಲಿಲ್ಲ. ಅಕ್ಕ ಬರುತ್ತಾಳೆಂದು ಗುಬ್ಬಿ ಅರ್ಧ ದಾರಿಯಿಂದಲೇ ಬೂಟು ಬಿಚ್ಚಿಟ್ಟುಕೊಂಡಳು. ಸಿಕ್ಕ ಕೂಡಲೇ ಬೆನ್ನಿಗೆ ಬೆನ್ನು ಹಚ್ಚಿ ನಿಂತು ನೋಡಬೇಕಂತೆ, ಎಷ್ಟು ಅಂತರ ಉಳಿದಿದೆ ಎಂದು.

ಮೂರು ಐವತ್ತೆಂಟಕ್ಕೆ ಠಾಣೆ ತಲುಪಿದರು. ಉದ್ದನೆಯ ಕೋಣೆ, ಗೋಡೆಯ ಮೇಲೆ ಎತ್ತರದ ಪಟ್ಟಿ, ಅದರ ಕೆಳಗೆ ಖಾಲಿ ಬೆಂಚು.

ಹುಡುಗಿ ಎಲ್ಲಿ ಎಂದು ಆಕೆ ಕೇಳಿದಳು. ಹೋದಳು ಎಂದ ಠಾಣೆಯವನು. ಯಾರ ಕೈಗೂ ಕೊಡಬೇಡಿ ಎಂದಿದ್ದೆನಲ್ಲ ಎಂದಳು. ಅವನು ಮುಖ ಸಪ್ಪೆ ಮಾಡಿಕೊಂಡ. ಬೇರೆಯವರಿಗೆ ಕೊಟ್ಟಿಲ್ಲ ಎಂದ. ಇಲಾಖೆಗೂ ಕೊಟ್ಟಿಲ್ಲ. ಹತ್ತು ನಿಮಿಷದ ಹಿಂದೆ ಒಬ್ಬ ಹೆಂಗಸು ಕಾರಿನಲ್ಲಿ ಬಂದರು, ಮಗು ಬಸ್ಸು ಹತ್ತಿದ್ದು ಪಕ್ಕದ ಮನೆಯ ಅಜ್ಜಿಯಿಂದ ತಿಳಿಯಿತು ಎಂದರು, ಹುಡುಗಿಯ ಜನನ ಪತ್ರ ತೋರಿಸಿದರು. ಮೂಲ ಪ್ರತಿ, ಮೊಹರು ಇತ್ತು. ತಮ್ಮ ಫೋಟೋ ಇದ್ದ ಗುರುತಿನ ಚೀಟಿಯನ್ನೂ ತೋರಿಸಿದರು, ಎರಡೂ ತಾಳೆಯಾಯಿತು. ಮಗು ಸ್ವಲ್ಪ ಹಿಂದೆಮುಂದೆ ನೋಡಿತು, ಆದರೆ ಪತ್ರ ಸರಿಯಿದ್ದ ಮೇಲೆ ತಡೆಯಲು ನಿಯಮ ಇಲ್ಲ.

"ಅವಳಿಗೆ ಜನನ ಪತ್ರ ಇಲ್ಲ," ಎಂದಳು ನರ್ಸ್. "ಯಾವ ದೇಶದಲ್ಲೂ ಇಲ್ಲ."

ಠಾಣೆಯವನು ಪುಸ್ತಕವನ್ನು ಅವರ ಕಡೆಗೆ ತಿರುಗಿಸಿದ. ಕೊನೆಯ ಸಾಲು. ವೇಳೆ ಮೂರು ನಲವತ್ತೆಂಟು. ಒಂದು ಸಹಿ, ಅದರ ಪಕ್ಕದಲ್ಲಿ 'ಮಗುವಿಗೆ ಸಂಬಂಧ' ಎಂಬ ಕಾಲಂ. ಅದರಲ್ಲಿ 'ತಾಯಿ' ಎಂದಿತ್ತು.

ನರ್ಸ್ ಸಹಿಯ ಮೇಲೆ ಬೆರಳಿಟ್ಟಳು. ಅದರ ಮೊದಲ ಅಕ್ಷರದ ಬಾಲವನ್ನು ಬೆರಳಿನಿಂದಲೇ ತಿದ್ದುತ್ತಾ ಹೋದಳು. ಮನೆಯಲ್ಲಿ ಯಾರೋ ಬರೆದದ್ದನ್ನು ಚಿಕ್ಕಂದಿನಿಂದ ನೋಡಿ ಗೊತ್ತಿರುವ ಕೈಯಂತೆ.

"ಇದು ನಮ್ಮಕ್ಕನ ಸಹಿ," ಎಂದಳು.

ತನಿಖಾಧಿಕಾರಿ ಬಡಗಿಯ ಕಡೆ ತಿರುಗಿದಳು. ಏಳು ವರ್ಷದ ಹಿಂದೆ ಆ ಮಗುವನ್ನು ತರಲು ಹೋದವನು ಅವನು. ಅಕ್ಕ ತೀರಿಕೊಂಡಳೆಂಬ ಸುದ್ದಿ ತಂದವನೂ ಅವನೇ.

ಬಡಗಿ ಪುಸ್ತಕವನ್ನು ನೋಡಿರಲಿಲ್ಲ, ಸಹಿ ಯಾರದ್ದೆಂದು ಕೇಳಿರಲೂ ಇಲ್ಲ. ಅವನು ಬಾಗಿಲು ದಾಟಿ ಆಗಲೇ ಗಡಿಯ ಗೇಟಿನ ಕಡೆ ನಡೆಯುತ್ತಿದ್ದ.